ಹಸಿರು ದೀಪದ ಕಾವಲು

ರಸ್ತೆಯಲ್ಲಿ ಹಸಿರು ದೀಪ ಬಿದ್ದರೆ ಗಾಡಿ ಹೊರಡುತ್ತದೆ. ನಮ್ಮ ಕಂಟ್ರೋಲ್ ರೂಮಿನಲ್ಲಿ ಹಸಿರು ಬಿದ್ದರೆ ಲೈನ್ ನಿಂತಿದೆ ಎಂದು ಅರ್ಥ. ಗೋಡೆಯುದ್ದಕ್ಕೂ ಬೀರುಗಳಂತೆ ಸಾಲಾಗಿ ನಿಂತ ಬೂದುಬಣ್ಣದ ಪ್ಯಾನೆಲ್‌ಗಳು. ಒಂದೊಂದು ಲೈನಿಗೆ ಒಂದೊಂದು. ಪ್ಯಾನೆಲ್ಲಿನ ಎದೆಮಟ್ಟದಲ್ಲಿ ಪಿಸ್ತೂಲಿನ ಹಿಡಿಯಂಥ ಕರಿಯ ಹ್ಯಾಂಡಲ್, ಅದರ ಮಗ್ಗುಲಲ್ಲಿ ಹೆಬ್ಬೆರಳ ತುದಿಯಷ್ಟು ದೊಡ್ಡ ದೀಪಗಳು. ಕೆಂಪು ಉರಿದರೆ ಬ್ರೇಕರ್, ಅಂದರೆ ಲೈನಿನ ದೊಡ್ಡ ಸ್ವಿಚ್ಚು, ಹಾಕಿದೆ, ಲೈನ್ ಚಾರ್ಜ್ ಆಗಿದೆ. ಹಸಿರು ಉರಿದರೆ ಬ್ರೇಕರ್ ಬಿಟ್ಟಿದೆ. ಲೈನಿನ ದೋಷ ಹಿಡಿಯುವ ರಿಲೇ ತಾನಾಗಿ ಬಿಡಿಸಿದ್ದರೆ ಹಳದಿಯೂ ಹತ್ತಿಕೊಳ್ಳುತ್ತದೆ, ಜೊತೆಗೆ ಹೂಟರ್ ಹೊಡೆದುಕೊಳ್ಳುತ್ತದೆ. ಹೊಸಬರಿಗೆ ಮೊದಲ ವಾರ ಈ ಬಣ್ಣಗಳು ಗೊಂದಲ. ಒಗ್ಗಿದ ಮೇಲೆ ಮನೆಗೆ ಹೋಗುವಾಗ ಸಿಗ್ನಲ್ಲಿನ ಹಸಿರು ಕಂಡರೂ ಒಂದು ಕ್ಷಣ ಕಾಲು ಬ್ರೇಕಿನ ಮೇಲೆ ಹೋಗುತ್ತದೆ.

ಕಂಟ್ರೋಲ್ ರೂಮಿನವರು ಅಂದರೆ ಕರೆಂಟ್ ಕೊಡುವವರು ಎಂದೇ ಊರಿನ ಲೆಕ್ಕ. ಅದು ಸರಿಯೇ. ಆದರೆ ನಾನು ಆ ಮೇಜಿನ ಹಿಂದೆ ಕೂತ ವರ್ಷಗಳಲ್ಲಿ ಕಣ್ಣು ಕೀಲಿಸಿ ನೋಡಿದ್ದು ಹಸಿರು ದೀಪವನ್ನು. ಅದು ಹಸಿರಾಗಿ ಉರಿಯುವಷ್ಟು ಹೊತ್ತೂ, ಮೂವತ್ತು ನಲವತ್ತು ಕಿಲೋಮೀಟರ್ ಆಚೆ ಕಾಡಿನ ನಡುವೆ ನಮ್ಮವರು ಯಾರೋ ಟವರಿನ ತೋಳಿನ ಮೇಲೆ ಕೂತು ಕಂಡಕ್ಟರಿಗೆ ಕೈ ಹಾಕಿರುತ್ತಾರೆ. ನಮಗೆ ಅವರು ಕಾಣುವುದಿಲ್ಲ. ಅವರಿಗೆ ನಾವು ಕಾಣುವುದಿಲ್ಲ. ನಡುವೆ ಇರುವುದು ಒಂದು ಫೋನು, ಒಂದು ಪುಸ್ತಕ, ಒಂದು ಮಾತು.

ಮಲೆನಾಡಿನ ಸೆರಗಿನ 220 ಕೆವಿ ರಿಸೀವಿಂಗ್ ಸ್ಟೇಷನ್ ಅದು. ಊರು ಮುಗಿದು ಅಡಿಕೆ ತೋಟ ಶುರುವಾಗುವ ಜಾಗ. ಗೇಟಿನೊಳಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವುದು ಟ್ರಾನ್ಸ್‌ಫಾರ್ಮರಿನ ಗುಂಯ್‌ ಸದ್ದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಹೊರಳುತ್ತದೆ; ಟ್ರಾನ್ಸ್‌ಫಾರ್ಮರಿನ ಹೊಟ್ಟೆಯಲ್ಲಿರುವ ಉಕ್ಕಿನ ತಗಡುಗಳು ಅದರ ಎರಡರಷ್ಟು, 100 ಸಲ, ಕೂದಲೆಳೆಗಿಂತ ಕಡಿಮೆ ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತವೆ. ಆ ನಡುಕವೇ ಈ ಸದ್ದು. ಹತ್ತು ವರ್ಷ ಕೇಳಿದವನಿಗೆ ಅದು ಮನೆಯ ಫ್ಯಾನಿನ ಹಾಗೆ, ಇದ್ದಾಗ ಕೇಳಿಸುವುದಿಲ್ಲ, ನಿಂತರೆ ಎಚ್ಚರವಾಗುತ್ತದೆ. ಮಳೆ ಹಿಡಿದರೆ ಇದರ ಜೊತೆಗೆ ಮೇಲಿನ ತಂತಿಗಳಲ್ಲಿ ಎಣ್ಣೆ ಕಾದಂತೆ ಚುರುಚುರು. ಕತ್ತಲಾದ ಮೇಲೆ ಅಲ್ಲಿ ನಸುನೀಲಿ ಮಿನುಗೂ ಕಾಣುವುದುಂಟು.

ಯಾರ್ಡಿನ ತುಂಬ ಜಲ್ಲಿ ಹಾಸಿದೆ. ಕೆಸರಾಗದಿರಲಿ ಎಂದು ಹಾಕಿದ್ದಾರೆ ಅಂದುಕೊಳ್ಳುತ್ತಾರೆ ಬಂದವರು. ಫಾಲ್ಟ್ ಆಗಿ ನೆಲಕ್ಕೆ ಕರೆಂಟ್ ಇಳಿದಾಗ, ನಡೆಯುವವನ ಬಲಗಾಲಿಗೂ ಎಡಗಾಲಿಗೂ ನಡುವೆಯೇ ವೋಲ್ಟೇಜಿನ ವ್ಯತ್ಯಾಸ ಹುಟ್ಟಿಬಿಡಬಹುದು. ಕಾಲಿಗೂ ನೆಲಕ್ಕೂ ನಡುವೆ ತಡೆಯಾಗಿ ಇರುವುದು ಆ ಜಲ್ಲಿ. ಅದರ ನಡುವೆ ಹುಲ್ಲು ಎದ್ದರೆ ವಾರದೊಳಗೆ ಕೀಳಿಸುತ್ತಿದ್ದೆವು. ಯಾರ್ಡಿಗೆ ಕೊಡೆ ಹಿಡಿದು ಹೋಗುವಂತಿಲ್ಲ. ಮಲೆನಾಡಿನ ಆಷಾಢದಲ್ಲೂ ರೈನ್‌ಕೋಟೇ ಗತಿ. ಏಣಿಯನ್ನು ಎಂದೂ ನೆಟ್ಟಗೆ ಹೊರುವಂತಿಲ್ಲ, ಇಬ್ಬರು ಅಡ್ಡಲಾಗಿ ಹಿಡಿದು ಸೊಂಟದ ಎತ್ತರದಲ್ಲಿ ಒಯ್ಯಬೇಕು. ಇಂಥ ಸಣ್ಣಸಣ್ಣ ಕಟ್ಟಳೆಗಳಿಂದಲೇ ಆ ಜಾಗ ಕಟ್ಟಿರುವುದು.

ಶಿವಮೊಗ್ಗದಲ್ಲಿ ಎಂಆರ್‌ಎಸ್ ಸರ್ಕಲ್ ಎಂದರೆ ಎಲ್ಲರಿಗೂ ಗೊತ್ತು. ಬಸ್ಸಿನವರು ಕೂಗುತ್ತಾರೆ, ಆಟೋದವರು ಕೇಳುತ್ತಾರೆ. ಅದು ಒಂದು ರಿಸೀವಿಂಗ್ ಸ್ಟೇಷನ್ನಿನ ಹೆಸರಿನ ಮೊದಲಕ್ಷರಗಳು, ಶರಾವತಿಯ ಕಡೆಯಿಂದ ಬರುವ ಲೈನುಗಳ ತಂಗುದಾಣ ಎಂಬುದು ಅಲ್ಲಿ ದಿನಾ ಇಳಿಯುವ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಆ ಹೆಸರು ಕೇಳಿದಾಗಲೆಲ್ಲ ಖುಷಿಯಾಗುತ್ತದೆ. ನಮ್ಮ ಕೆಲಸದ ಒಂದು ಪದ ಬಸ್‌ಸ್ಟಾಪಾಗಿ ಬದುಕಿದೆಯಲ್ಲ ಎಂದು.

ಈ ನಾಡಿಗೆ ಈ ಕೆಲಸ ಹೊಸದೇನಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿ ಸೇರಿತು. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ಕಳೆದು, 1905ರ ಆಗಸ್ಟಿನಲ್ಲಿ. ಅದರ ಹಿಂದಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರು ಪಾಠದಲ್ಲಿ ಬರುತ್ತದೆ, ಬರಬೇಕಾದ್ದೇ. ಆ ಲೈನಿನ ಕಂಬ ಹತ್ತುವ ಮುಂಚೆ ‘ಆಫ್ ಆಯ್ತಾ?’ ಎಂದು ಕೇಳಿದವನೊಬ್ಬ, ‘ಆಯ್ತು, ಹತ್ತು’ ಎಂದವನೊಬ್ಬ ಇದ್ದೇ ಇದ್ದಿರಬೇಕು. ಎರಡನೆಯವನು ನನ್ನ ಹಿರೀಕ.

ಈ ಕೇಳುವ, ಹೇಳುವ ವ್ಯವಹಾರಕ್ಕೆ ನಮ್ಮಲ್ಲಿ ‘ಲೈನ್ ಕ್ಲಿಯರ್’ ಎನ್ನುತ್ತಾರೆ. ಬಾಯಿಮಾತಿನಲ್ಲಿ ‘ಎಲ್‌ಸಿ’. ಎಲ್‌ಸಿ ಕೊಡುವುದು, ಎಲ್‌ಸಿ ತಗೊಳ್ಳುವುದು, ಎಲ್‌ಸಿ ರಿಟರ್ನ್ ಮಾಡುವುದು: ಕೈಗಡದ ಭಾಷೆಯ ಹಾಗೆಯೇ ಇದೆ. ತಗೊಂಡವನೇ ತಂದು ಕೊಡಬೇಕು. ಅವನ ಪರವಾಗಿ ತಮ್ಮ ತೀರಿಸುವಂತಿಲ್ಲ, ನೆರೆಯವ ತೀರಿಸುವಂತಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಬರೆಯಲ್ಪಟ್ಟವು. ಅವುಗಳಲ್ಲಿ ಕಲಮುಗಳು ಬಹಳ. ಆದರೆ ನನಗೆ ಎಲ್‌ಸಿ ಎಂದರೇನು ಎಂದು ಕಲಿಸಿದ್ದು ಒಬ್ಬ ಹಿರಿಯ ಆಪರೇಟರ್. ನಾನು ಸೇರುವಾಗ ಅವರಿಗೆ ಆಗಲೇ ಇಪ್ಪತ್ತಾರು ವರ್ಷ ಸರ್ವಿಸ್. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು, ಹುದ್ದೆಯ ಲೆಕ್ಕದಲ್ಲಿ, ಸಾರ್ ಎನ್ನುತ್ತಿದ್ದರು. ಆ ಸಾರ್ ಎನ್ನುವುದರಲ್ಲಿ ಗದರಿಕೆಗೂ ಜಾಗವಿತ್ತು.

ಮೊದಲ ಪಾಠ ಹೆಸರುಗಳದ್ದು. ದೊಡ್ಡ ಲೈನುಗಳ ಎಲ್‌ಸಿ ಅಪರೂಪ, ಹಳ್ಳಿಗಳಿಗೆ ಹೋಗುವ 11 ಕೆವಿ ಫೀಡರುಗಳದ್ದು ದಿನದ ಪಾಡು. ಮರ ಬಿತ್ತು, ಜಂಪರ್ ಸುಟ್ಟಿತು, ಕಂಬ ವಾಲಿತು ಎಂದು ಬೆಳಗಾಗುವ ಮುಂಚೆಯೇ ಫೋನು. ನಮ್ಮಲ್ಲಿ ಹೊಸೂರು ಫೀಡರ್ ಒಂದು, ಹೊಸಹಳ್ಳಿ ಫೀಡರ್ ಒಂದು. ಗಾಳಿಮಳೆಯಲ್ಲಿ, ಅರ್ಧ ಸಿಗ್ನಲ್ಲಿನ ಮೊಬೈಲಿನಲ್ಲಿ, ಪವರ್‌ಮ್ಯಾನ್ ಒಬ್ಬ ‘ಹೊಸಳ್ಳಿ’ ಎಂದದ್ದು ‘ಹೊಸೂರು’ ಎಂದು ಕೇಳಲು ಎಷ್ಟು ಹೊತ್ತು? ಅಣ್ಣ ಹೆಸರನ್ನು ನಂಬುತ್ತಲೇ ಇರಲಿಲ್ಲ. ‘ಊರು ಹೇಳ್ಬೇಡ, ಫೀಡರ್ ನಂಬರ್ ಹೇಳು. ಎಲ್ಲಿ ನಿಂತಿದೀಯ ಹೇಳು. ಯಾವ ಟ್ರಾನ್ಸ್‌ಫಾರ್ಮರ್ ಹತ್ರ? ಈಗ ನಾನು ಹೇಳಿದ್ದು ವಾಪಸ್ ಹೇಳು’ ಎಂದು ಪ್ರತಿಯೊಂದನ್ನೂ ಒಪ್ಪಿಸಿಕೊಂಡು, ಬರೆದು, ಬರೆದದ್ದನ್ನು ಓದಿ ಹೇಳಿ, ಆಮೇಲೆ ಹ್ಯಾಂಡಲಿಗೆ ಕೈ ಹಾಕುತ್ತಿದ್ದರು. ಆ ಕಡೆಯವನಿಗೆ ಎಷ್ಟೇ ಅವಸರವಿರಲಿ. ಕೆಲವರು ರೇಗುತ್ತಿದ್ದರು. ಇವರು ರೇಗುತ್ತಿರಲಿಲ್ಲ.

ಎರಡನೆಯ ಪಾಠ ಕಣ್ಣಿನದ್ದು. ಕಂಪ್ಯೂಟರಿನ ಪರದೆ ಐಸೋಲೇಟರ್ ಬಿಚ್ಚಿದೆ ಎಂದು ತೋರಿಸಿದರೂ ಅವರು ಯಾರ್ಡಿಗೆ ಹೋಗಿ ನೋಡದೆ ಬಿಡುತ್ತಿರಲಿಲ್ಲ. ಬ್ರೇಕರ್ ತನ್ನ ಕೆಲಸವನ್ನು ಮುಚ್ಚಿದ ಕೊಳವೆಯೊಳಗೆ ಮಾಡುತ್ತದೆ, ಬಿಟ್ಟಿದೆಯೋ ಇಲ್ಲವೋ ಹೊರಗೆ ಕಾಣುವುದಿಲ್ಲ. ಐಸೋಲೇಟರ್ ಹಾಗಲ್ಲ, ತೋಳು ಮಡಚಿದಂತೆ ಅದರ ಬ್ಲೇಡುಗಳು ಬೇರೆಯಾಗಿ, ನಡುವಿನ ಗಾಳಿಯ ಅಂತರ ಕಣ್ಣಿಗೇ ಕಾಣುತ್ತದೆ. ಅಣ್ಣ ಮಳೆಯಲ್ಲಿ ಕತ್ತೆತ್ತಿ ನಿಂತು, ಬೆರಳು ತೋರಿಸಿ, ಮೂರು ಫೇಸುಗಳನ್ನೂ ಮಕ್ಕಳು ಮಗ್ಗಿ ಹೇಳಿದಂತೆ ಗಟ್ಟಿಯಾಗಿ ಹೇಳುತ್ತಿದ್ದರು: ‘ಆರ್ ಬಿಟ್ಟಿದೆ. ವೈ ಬಿಟ್ಟಿದೆ. ಬಿ ಬಿಟ್ಟಿದೆ.’ ಒಂದು ಸಲ ಹ್ಯಾಂಡಲ್ ಪೂರ್ತಿ ತಿರುಗಿದ್ದರೂ, ಕೊಂಡಿಯೊಂದು ಜಾರಿ, ಮೂರನೆಯ ಫೇಸಿನ ಬ್ಲೇಡು ಇದ್ದಲ್ಲೇ ಉಳಿದಿದ್ದನ್ನು ಅವರು ಕಂಡಿದ್ದರಂತೆ. ಅದನ್ನು ಒಮ್ಮೆ ಮಾತ್ರ ಹೇಳಿದರು. ಹೇಳುವಾಗ ಅವರ ಕೈ ಟೇಬಲ್ಲಿನ ಅಂಚನ್ನು ಹಿಡಿದುಕೊಂಡಿತ್ತು.

ಆಮೇಲೆ ಅರ್ಥ್ ಸ್ವಿಚ್ ಹಾಕಿ ಲೈನನ್ನು ನೆಲಕ್ಕೆ ಕಟ್ಟಬೇಕು. ಹಿಡಿಗೆ ಬೀಗ ಹಾಕಬೇಕು. ಬೀಗದ ಕೈ ಆಪರೇಟರಿನ ಟೇಬಲ್ಲಿನ ಡ್ರಾಯರಿನಲ್ಲಿ. ಪ್ಯಾನೆಲ್ಲಿನ ಹ್ಯಾಂಡಲಿಗೆ ಕೆಂಪು ಬೋರ್ಡು: ‘ಜನ ಕೆಲಸ ಮಾಡುತ್ತಿದ್ದಾರೆ, ಚಾಲೂ ಮಾಡಬೇಡಿ.’ ಎಷ್ಟೋ ಕೈಗಳು ತೂಗುಹಾಕಿ ತೆಗೆದು ಅದರ ಅಂಚು ಸವೆದಿತ್ತು, ‘ಜನ’ ಎಂಬಲ್ಲಿ ಬಣ್ಣ ಹೋಗಿತ್ತು. ಹೊಸದು ಬರೆಸೋಣ ಎಂದರೆ ಅಣ್ಣ ತಾವೇ ಬಣ್ಣ ತಂದು ಆ ಎರಡಕ್ಷರ ತಿದ್ದಿದರು.

ಇಷ್ಟೆಲ್ಲ ಯಾಕೆ, ಬ್ರೇಕರ್ ಬಿಟ್ಟ ಮೇಲೆ ಲೈನ್ ಸತ್ತೇ ಹೋಯಿತಲ್ಲ ಎಂದು ಕೇಳುವವರಿದ್ದಾರೆ. ಸತ್ತ ಲೈನು ಎಂಬ ಮಾತನ್ನು ನಾನು ನಂಬುವುದಿಲ್ಲ. ದೊಡ್ಡ ಟವರುಗಳ ಮೇಲೆ ಹೆಚ್ಚಾಗಿ ಎರಡು ಸರ್ಕ್ಯೂಟ್‌ಗಳು, ಎಡಗಡೆ ಒಂದು ಲೈನು, ಬಲಗಡೆ ಒಂದು. ಒಂದನ್ನು ಆಫ್ ಮಾಡಿದರೂ ಪಕ್ಕದ್ದು ಕಾದು ಕೆಂಡವಾಗಿ ಹರಿಯುತ್ತಿರುತ್ತದೆ. ತಂತಿಗೆ ತಂತಿ ತಾಗದಿದ್ದರೂ ಅದರ ಪ್ರಭಾವದಿಂದ ಈ ಆಫ್ ಆದ ತಂತಿಯಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಹುಟ್ಟುತ್ತದೆ. ನಾವದನ್ನು ಇಂಡಕ್ಷನ್ ಎನ್ನುತ್ತೇವೆ. ಅಲ್ಲದೆ ಲೈನಿನ ಇನ್ನೊಂದು ತುದಿಯಲ್ಲಿ ಎಲ್ಲೋ ಸಿಡಿಲು ಬಡಿಯಬಹುದು. ಹಳ್ಳಿಯ ಫೀಡರಿನಲ್ಲಾದರೆ ಕಲ್ಯಾಣಮಂಟಪದ ಜನರೇಟರ್ ತಪ್ಪು ದಾರಿಯಲ್ಲಿ ಒಳನುಗ್ಗಬಹುದು. ಅದಕ್ಕೇ ಎರಡೂ ಸ್ಟೇಷನ್ನುಗಳಲ್ಲಿ ಅರ್ಥ್ ಮಾಡಿದ್ದರೂ, ಕೆಲಸದ ಜಾಗದಲ್ಲಿ ಗ್ಯಾಂಗಿನವರು ತಮ್ಮದೇ ಅರ್ಥ್ ರಾಡುಗಳನ್ನು ಹಾಕಿಕೊಳ್ಳುತ್ತಾರೆ. ಮೊದಲು ತಂತಿಯ ಒಂದು ತುದಿಯನ್ನು ಟವರಿಗೆ ಬಿಗಿದು, ಆಮೇಲೆ ಉದ್ದನೆಯ ಕೋಲಿನಿಂದ ಇನ್ನೊಂದು ತುದಿಯನ್ನು ಕಂಡಕ್ಟರಿಗೆ ಸಿಕ್ಕಿಸುವುದು. ತೆಗೆಯುವಾಗ ತಿರುಗಾಮುರುಗಾ: ಮೊದಲು ಕಂಡಕ್ಟರಿನಿಂದ, ಕೊನೆಗೆ ಟವರಿನಿಂದ. ಈ ಕ್ರಮ ತಪ್ಪಿದರೆ ಕೈಯಲ್ಲಿರುವ ತಂತಿಯೇ ಮೃತ್ಯು.

ಒಂದು ದಿನದ ಕತೆ ಹೇಳಬೇಕು.

ಪುನರ್ವಸು ಮಳೆ. ಮೂರು ದಿನದಿಂದ ಸೂರ್ಯ ಕಂಡಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ಹೂಟರ್ ಹೊಡೆಯಿತು. 220 ಕೆವಿ ಎರಡನೇ ಲೈನು ಬಿಟ್ಟಿತ್ತು. ರಿಲೇಯ ಪುಟ್ಟ ಪರದೆಯಲ್ಲಿ ಬಿ ಫೇಸ್, 31.6 ಕಿ.ಮೀ. ಎಂದಿತ್ತು. ಲೈನಿನ ಉದ್ದದಲ್ಲಿ ಎಷ್ಟು ದೂರದಲ್ಲಿ ಪೆಟ್ಟು ಬಿದ್ದಿದೆ ಎಂದು ವೋಲ್ಟೇಜು, ಕರೆಂಟು ಅಳೆದು ಲೆಕ್ಕ ಹಾಕಿ ಹೇಳುವ ಯಂತ್ರ ಅದು. ನಾಡಿ ಹಿಡಿದು ರೋಗ ಹೇಳಿದ ಹಾಗೆ. ಒಂದು ಸಲ ಹಾಕಿ ನೋಡಿದೆವು. ನಿಲ್ಲಲಿಲ್ಲ. ಗ್ಯಾಂಗಿಗೆ ಫೋನ್ ಹೋಯಿತು. ಜೀಪು ಹೋಗುವವರೆಗೆ ಜೀಪು, ಆಮೇಲೆ ಜಿಗಣೆಯ ಕಾಡಿನಲ್ಲಿ ಕಾಲ್ನಡಿಗೆ. ಒಂದೊಂದೇ ಟವರ್ ಕತ್ತೆತ್ತಿ ನೋಡುತ್ತ ನಡೆದವರಿಗೆ ಮಧ್ಯಾಹ್ನ ಹನ್ನೆರಡೂವರೆಗೆ 97ನೇ ಟವರಿನಲ್ಲಿ ಸಿಕ್ಕಿತು. ಸಿಡಿಲಿಗೆ ಪಿಂಗಾಣಿ ಸರ ಒಡೆದಿತ್ತು. 220 ಕೆವಿಗೆ ಹದಿಮೂರು ಹದಿನಾಲ್ಕು ಬಿಲ್ಲೆಗಳ ಸರ. ಅದರಲ್ಲಿ ಐದು ಚೂರು. ಸರವನ್ನೇ ಬದಲಿಸಬೇಕು.

ಎಲ್‌ಸಿ ಕೊಡುವುದು ಒಂದು ಫೋನಿನಲ್ಲಿ ಆಗುವ ಮಾತಲ್ಲ. ಬೆಂಗಳೂರಿನ ಆನಂದರಾವ್ ಸರ್ಕಲ್ಲಿನಲ್ಲಿರುವ ಲೋಡ್ ಡಿಸ್ಪ್ಯಾಚ್ ಸೆಂಟರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು, ಏಕೆಂದರೆ ಮಳೆಗಾಲದಲ್ಲಿ ಜಲವಿದ್ಯುತ್ತಿನ ಯಂತ್ರಗಳು ಭರದಿಂದ ತಿರುಗುತ್ತಿರುತ್ತವೆ, ಎರಡು ಲೈನಿನ ಭಾರವನ್ನು ಉಳಿದ ಒಂದೇ ಲೈನು ಹೊರಬೇಕಾಗುತ್ತದೆ. ಎಲ್ಲ ಎಲ್ಲಕ್ಕೂ ತಾಗಿಕೊಂಡಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನು ಜೋಡಣೆಯಾದ ಮೇಲೆ ದಕ್ಷಿಣದ ಗ್ರಿಡ್ಡು ಉಳಿದ ದೇಶದ ಜೊತೆ ಒಂದೇ ಲಯಕ್ಕೆ ಬಂತು. ಅಂದಿನಿಂದ ನಮ್ಮ ಪ್ಯಾನೆಲ್ಲಿನ ಫ್ರೀಕ್ವೆನ್ಸಿ ಮೀಟರು ತೋರಿಸುವುದೂ ಕಾಶ್ಮೀರದ ಸ್ಟೇಷನ್ನೊಂದು ತೋರಿಸುವುದೂ ಒಂದೇ ಅಂಕಿ. ಅಷ್ಟು ದೊಡ್ಡ ಜಾಲದಿಂದ ಒಂದು ಎಳೆಯನ್ನು ಬಿಡಿಸಿ, ಕಾಡಿನ ನಡುವಿನ ಎಂಟು ಜನರ ಕೈಗೆ ಕೊಡಬೇಕಿತ್ತು.

ಆಚೆ ತುದಿಯ ಸ್ಟೇಷನ್ನಿನಲ್ಲಿ ಆ ದಿನ ಶಿಫ್ಟಿನಲ್ಲಿದ್ದದ್ದು ಒಬ್ಬ ಮೇಡಂ. ಮುಖ ನೋಡಿರಲಿಲ್ಲ, ದನಿ ಚೆನ್ನಾಗಿ ಪರಿಚಯ. ಒಂದನೇ ಲೈನಿನ ಕಂಡಕ್ಟರಿನ ಮೇಲೆಯೇ ಮಾತನ್ನು ಹತ್ತಿಸಿ ಕಳಿಸುವ ಪಿಎಲ್‌ಸಿಸಿ ಫೋನಿನಲ್ಲಿ ಮಾತಾಡಿದೆವು.

‘ನಮ್ಮ ಕಡೆ ಬ್ರೇಕರ್ ಬಿಟ್ಟಿದೆ, ಲೈನ್ ಐಸೋಲೇಟರ್ ಬಿಟ್ಟಿದೆ, ಮೂರೂ ಫೇಸ್ ಕಣ್ಣಾರೆ ನೋಡಿದೀನಿ. ಅರ್ಥ್ ಸ್ವಿಚ್ ಹಾಕಿದೆ. ಬೀಗ ಹಾಕಿದೆ. ಬರ್ಕೊಂಡ್ರಾ ಸಾರ್?’

‘ಬರ್ಕೊಂಡೆ ಮೇಡಂ. ವಾಪಸ್ ಓದ್ತೀನಿ, ಕೇಳಿ.’

ಓದಿದೆ. ಈ ಮಾತುಕತೆಗೆ ಅವರು ತಮ್ಮ ಪುಸ್ತಕದ ನಂಬರ್ ಕೊಟ್ಟರು, ನಾನು ನನ್ನದು ಕೊಟ್ಟೆ. ಆ ಎರಡು ನಂಬರುಗಳು ಎರಡೂ ಸ್ಟೇಷನ್ನಿನ ಪುಸ್ತಕದಲ್ಲಿ ಎದುರುಬದುರು ಕೂತವು. 1 ಗಂಟೆ 25 ನಿಮಿಷಕ್ಕೆ ಗ್ಯಾಂಗಿನ ಅಸಿಸ್ಟೆಂಟ್ ಎಂಜಿನಿಯರ್ (ಎಇ) ಅವರ ಹೆಸರಿಗೆ ಎಲ್‌ಸಿ ಹೋಯಿತು. ಪುಸ್ತಕದಲ್ಲಿ ಬರೆದದ್ದು: ಎಂಟು ಜನ, ಆರು ಅರ್ಥ್ ರಾಡು.

ಆಮೇಲೆ ಕಾಯುವುದು. ಇದನ್ನು ಹೇಗೆ ವರ್ಣಿಸಲಿ? ಗಂಟೆಗೊಮ್ಮೆ ಎದ್ದು ಲಾಗ್‌ಶೀಟಿನಲ್ಲಿ ವೋಲ್ಟೇಜು, ಆಂಪ್ಸು, ಮೆಗಾವಾಟು, ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಿಸಿ ಬರೆಯುತ್ತೇವೆ. ಬ್ಯಾಟರಿ ರೂಮಿಗೆ ಹೋಗಿ ಬರುತ್ತೇವೆ. ಆಸಿಡ್ಡಿನ ಹುಳಿ ಗಾಳಿ ಅಲ್ಲಿ. ಎರಡನೇ ಲೈನಿನ ಕಾಲಂ ಬರುತ್ತಲೂ ಅಡ್ಡಗೀಟು ಹಾಕಿ ಎಲ್‌ಸಿ ಎಂದು ಬರೆಯುತ್ತೇವೆ. ಎರಡು ಗಂಟೆ, ಎಲ್‌ಸಿ. ಮೂರು ಗಂಟೆ, ಎಲ್‌ಸಿ. ಕಿಟಕಿಯಾಚೆ ಮಳೆ ಜೋರಾದರೆ ಅಲ್ಲಿ ಟವರಿನ ಕಬ್ಬಿಣ ಎಷ್ಟು ಜಾರುತ್ತಿರಬಹುದು ಎಂದು ಕೈಕಾಲು ತಣ್ಣಗಾಗುತ್ತದೆ. ಟೀ ಕುಡಿಯುತ್ತೇವೆ. ಮತ್ತೆ ಆ ದೀಪ ನೋಡುತ್ತೇವೆ. ಹಸಿರು.

ನಾಲ್ಕರ ನಂತರ ಹೊರಗಿನವರ ಫೋನುಗಳು ಶುರುವಾದವು. ಸಂಜೆಯ ಲೋಡು ಏರುತ್ತಿತ್ತು, ಒಂದೇ ಲೈನು ತಾಳದೆ ಕೆಲವು ಫೀಡರುಗಳನ್ನು ಬಿಡಬೇಕಾಗಿತ್ತು. ‘ಎಷ್ಟೊತ್ತಿಗೆ ಬರುತ್ತೆ?’ ಎಂಬುದು ನ್ಯಾಯವಾದ ಪ್ರಶ್ನೆಯೇ. ಆಸ್ಪತ್ರೆಯವರು ಮರ್ಯಾದೆಯಿಂದ ಕೇಳಿದರು. ಮದುವೆಮನೆಯವರು ಅಳುವ ದನಿಯಲ್ಲಿ ಕೇಳಿದರು. ಒಬ್ಬರು, ಹೆಸರು ಬೇಡ, ತಾವು ಯಾರು ಎಂಬುದನ್ನು ಎರಡೆರಡು ಸಲ ಹೇಳಿ, ‘ಐದೂವರೆಗೆ ಲೈನ್ ಹಾಕ್ತೀರಿ ಅಂತ ಬರ್ಕೊಳ್ಳಲಾ?’ ಎಂದು ಕೇಳಿದರು. ಟೈಮ್ ಹೇಳಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಐದೂವರೆಗೆ ಮುಗಿಸುತ್ತಾರೆ ಎಂದು ನಾನು ಅಂದುಕೊಳ್ಳುವುದು, ಐದೂವರೆಗೆ ಹಾಕುತ್ತಾರೆ ಎಂದು ಅವರು ಅಂದುಕೊಳ್ಳುವುದು, ಇವೆರಡರ ನಡುವೆ ಲೈನ್‌ಮನ್‌ಗಳು ಸತ್ತಿದ್ದಾರೆ. ಗಡಿಯಾರ ನೋಡಿ ಲೈನು ಹಾಕುವಂತಿಲ್ಲ. ‘ಅವರು ರಿಟರ್ನ್ ಮಾಡಿದ ಮೇಲೆ ಸಾರ್’ ಎಂದಷ್ಟೇ ಹೇಳಿದೆ. ಅದನ್ನೇ ಆ ಸಂಜೆ ಮೂವತ್ತು ಸಲ ಹೇಳಿರಬೇಕು.

5 ಗಂಟೆ 40 ನಿಮಿಷಕ್ಕೆ ಮೊಬೈಲು ಬಡಿಯಿತು.

‘ಸಾರ್, ನಾನು ಜೀಪ್ ಡ್ರೈವರ್. ಕೆಲ್ಸ ಮುಗೀತು ಸಾರ್. ಎಲ್ಲಾ ಇಳಿದ್ರು. ಕೆಳಗೆ ನೆಟ್‌ವರ್ಕ್ ಇಲ್ಲ, ನೀವು ಕಾಯ್ತಾ ಇರ್ತೀರಿ ಅಂತ ನಾನೇ ಗುಡ್ಡ ಹತ್ತಿ ಮಾಡ್ದೆ.’

ಒಳ್ಳೆಯ ಮನುಷ್ಯ. ಆ ಮಳೆಯಲ್ಲಿ ನಮಗಾಗಿ ಗುಡ್ಡ ಹತ್ತಿದ್ದ. ನನ್ನ ಮೈಯೆಲ್ಲ ಹಗುರಾಯಿತು. ಕೈ ಆಗಲೇ ಪಿಎಲ್‌ಸಿಸಿ ಫೋನಿನ ಕಡೆ ಹೋಗಿತ್ತು, ಆಚೆಯ ಮೇಡಂಗೆ ಅರ್ಥ್ ತೆಗೆಯಿರಿ ಎನ್ನಲು. ಅಣ್ಣ ಎದುರಿನ ಕುರ್ಚಿಯಿಂದ ಏಳಲಿಲ್ಲ. ಎಲ್‌ಸಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಎಲ್‌ಸಿ ತಗೊಂಡವರ ಹೆಸರಿನ ಕೆಳಗೆ ಬೆರಳಿಟ್ಟರು.

‘ಇದು ಅವನ ಹೆಸ್ರಾ ಸಾರ್?’

ನಾನು ಫೋನಿನಲ್ಲಿ ಹೇಳಿದೆ: ‘ತುಂಬಾ ಉಪಕಾರ ಆಯ್ತು ಮಾರಾಯ. ಆದ್ರೆ ಸಾಹೇಬ್ರೇ ಮಾತಾಡ್ಬೇಕು. ಅವರನ್ನ ನೆಟ್‌ವರ್ಕ್ ಸಿಗೋ ಕಡೆ ಕರ್ಕೊಂಡು ಬಾ.’ ಆ ಕಡೆ ಒಂದು ಗಳಿಗೆ ಸದ್ದಿಲ್ಲ. ‘ಆಯ್ತು ಸಾರ್’ ಎಂದ ದನಿಯಲ್ಲಿ ಬೇಸರವಿತ್ತು. ತನ್ನ ಮಾತಿಗೆ ಬೆಲೆಯಿಲ್ಲವಲ್ಲ ಎಂದು ಅವನಿಗೆ ಅನ್ನಿಸಿದ್ದರೆ ಅದು ಸಹಜವೇ. ಅವನು ಹೇಳಿದ್ದು ಸುಳ್ಳಲ್ಲ. ಅವನು ಹೊರಟಾಗ ಎಲ್ಲರೂ ಇಳಿದಿದ್ದರು.

ಅದಾದ ಮೇಲಿನ ಮುಕ್ಕಾಲು ಗಂಟೆ ನನ್ನ ಸರ್ವಿಸ್ಸಿನಲ್ಲೇ ಉದ್ದದ್ದು. ಬೇರೆಯ ಫೋನುಗಳು ನಿಲ್ಲಲಿಲ್ಲ. ‘ಮುಗೀತಂತಲ್ಲ, ಇನ್ನೂ ಯಾಕೆ ಹಾಕಿಲ್ಲ?’ ಎಂದು ಅಷ್ಟರಲ್ಲಿ ಊರಿಗೂ ಸುದ್ದಿ ಮುಟ್ಟಿತ್ತು. ಬೋರ್ಡು ಹ್ಯಾಂಡಲಿನಲ್ಲಿ ತೂಗುತ್ತಿತ್ತು. ಫ್ಯಾನಿನ ಗಾಳಿಗೆ ಪ್ಯಾನೆಲ್ಲಿನ ತಗಡಿಗೆ ತಾಗಿ ಟಕ್ ಟಕ್ ಅನ್ನುತ್ತಿತ್ತು.

6 ಗಂಟೆ 24 ನಿಮಿಷಕ್ಕೆ ಎಇ ಅವರದೇ ದನಿ. ಏದುಸಿರು.

‘ರಿಟರ್ನ್ ತಗೊಳ್ಳಿ ಸಾರ್. ಸ್ವಲ್ಪ ತಡ ಆಯ್ತು. ಎಲ್ಲಾ ಇಳಿದು ಸಾಮಾನು ಎಣಿಸಿದ್ರೆ ಅರ್ಥ್ ರಾಡು ಐದೇ ಇತ್ತು. ಇನ್ನೊಂದು ಮೇಲೇ ಉಳ್ಕೊಂಡಿತ್ತು, ಬಿ ಫೇಸಿಂದು. ಮಳೆ ಮಬ್ಬಲ್ಲಿ ಕಂಡಿಲ್ಲ. ಮತ್ತೆ ಒಬ್ಬನ್ನ ಹತ್ತಿಸಿ ತೆಗೆಸಿದೆ.’

ನಾನು ಏನೂ ಹೇಳಲಿಲ್ಲ. ಅಣ್ಣ ಪೆನ್ನು ಹಿಡಿದು ಕಾಯುತ್ತಿದ್ದರು. ಗುಡ್ಡದ ಮೇಲಿನಿಂದ ಆ ಒಳ್ಳೆಯ ಮನುಷ್ಯ ಫೋನ್ ಮಾಡುತ್ತಿದ್ದ ಹೊತ್ತಿಗೆ, ಕೆಳಗೆ ರಾಡುಗಳನ್ನು ಎಣಿಸುತ್ತಿದ್ದರು. ಅವನು ಗುಡ್ಡ ಇಳಿಯುತ್ತಿದ್ದ ಹೊತ್ತಿಗೆ ಒಬ್ಬ ಹುಡುಗ ಒದ್ದೆ ಟವರನ್ನು ಮತ್ತೆ ಹತ್ತುತ್ತಿದ್ದ. ಆ ರಾಡು ತೆಗೆಯಲು ಕೈ ಚಾಚಿದ್ದಾಗ ಇಲ್ಲಿ ಕೆಂಪು ದೀಪ ಹತ್ತಿದ್ದರೆ!

‘ಜನ ಎಷ್ಟು ಸಾರ್?’ ಕೇಳಿದೆ.

‘ಎಂಟು. ನಾನೂ ಸೇರಿ ಎಂಟೂ ಜನ ಇಲ್ಲೇ ಇದ್ದೀವಿ.’

‘ರಾಡು?’

‘ಆರು.’

‘ಒಬ್ಬೊಬ್ಬರನ್ನೂ ಮುಟ್ಟಿ ಇನ್ನೊಂದ್ಸಲ ಎಣಿಸ್ತೀರಾ?’

ಆ ಕಡೆಯಿಂದ ಎಣಿಸುವುದು ಕೇಳಿತು. ಒಂದು, ಎರಡು... ಮಳೆಯ ಸದ್ದಿನ ನಡುವೆ ಎಂಟು ದನಿ, ಒಬ್ಬೊಬ್ಬರದು ಒಂದೊಂದು ಥರ. ಒಬ್ಬನದು ಇನ್ನೂ ಮೀಸೆ ಬಾರದವನ ದನಿಯಂತಿತ್ತು. ‘ಲೈನಿನಿಂದ ಜನ, ಸಾಮಾನು, ಅರ್ಥ್ ಎಲ್ಲ ತೆಗೆದಿದೆ, ಲೈನ್ ಚಾರ್ಜ್ ಮಾಡಬಹುದು’ ಎಂದು ಅವರು ಹೇಳಿದರು. ನಾನು ವಾಪಸ್ ಹೇಳಿದೆ. ನಂಬರ್ ಬರೆದುಕೊಂಡೆವು.

ಅಣ್ಣ ರೈನ್‌ಕೋಟು ಹಾಕಿ ಯಾರ್ಡಿಗೆ ನಡೆದರು. ಬೀಗ ತೆಗೆದು, ಅರ್ಥ್ ಸ್ವಿಚ್ ಬಿಟ್ಟರು. ಕತ್ತೆತ್ತಿ ನಿಂತು ಬೆರಳು ತೋರಿಸಿ ಹೇಳುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಆಮೇಲೆ ಐಸೋಲೇಟರ್. ಆಚೆ ತುದಿಯಲ್ಲಿ ಮೇಡಂ ಅದನ್ನೇ ಮಾಡಿ ನಂಬರ್ ಕೊಟ್ಟರು. ಬೆಂಗಳೂರಿನವರು ಸರಿ ಎಂದರು. ಕೊನೆಗೆ ಬೋರ್ಡು ತೆಗೆದು ಡ್ರಾಯರಿನಲ್ಲಿಟ್ಟು, ರಬ್ಬರ್ ಮ್ಯಾಟಿನ ಮೇಲೆ ಎರಡೂ ಕಾಲು ಊರಿ, ಹ್ಯಾಂಡಲ್ ತಿರುಗಿಸಿದೆ. ಯಾರ್ಡಿನಲ್ಲಿ ಬ್ರೇಕರಿನ ಢಣ್ ಸದ್ದು. ಕೆಂಪು. 6 ಗಂಟೆ 51 ನಿಮಿಷ. ಆಂಪ್‌ಮೀಟರಿನ ಮುಳ್ಳು ಒಮ್ಮೆ ನಡುಗಿ, ಮೇಲೇರಿ, ನಿಂತಿತು. ಬಿಟ್ಟಿದ್ದ ಫೀಡರುಗಳನ್ನು ಒಂದೊಂದಾಗಿ ಹಾಕಿದೆವು. ಕಿಟಕಿಯಾಚೆ ದೂರದ ಊರಿನಲ್ಲಿ ತುಂಡುತುಂಡಾಗಿ ಬೆಳಕು ಹತ್ತಿಕೊಂಡಿತು. ಒಂದು ಬೀದಿ, ಆಮೇಲೆ ಒಂದು ಗುಡ್ಡದ ಮಗ್ಗುಲು, ಆಮೇಲೆ ದೇವಸ್ಥಾನದ ಗೋಪುರ. ಫೋನುಗಳು ನಿಂತವು.

ಏಳು ಗಂಟೆಯ ರೀಡಿಂಗ್ ಬರೆಯುವಾಗ ಎರಡನೇ ಲೈನಿನ ಕಾಲಮ್ಮಿನಲ್ಲಿ ಬಹಳ ಹೊತ್ತಿನ ಮೇಲೆ ಅಂಕಿ ಬರೆದೆ.

ಎಂಟೂವರೆಗೆ ಗೇಟಿನಲ್ಲಿ ಜೀಪಿನ ಹಾರ್ನ್. ಎಇ ರಿಟರ್ನ್ ಮಾಡಿದ್ದಕ್ಕೆ ಸಹಿ ಹಾಕಲು ಬಂದಿದ್ದರು. ಒದ್ದೆ ಬೆರಳಿಗೆ ಪುಸ್ತಕದ ಹಾಳೆ ಅಂಟಿ, ಅವರ ಸಹಿಯ ಶಾಯಿ ಹರಡಿತು. ಹಿಂದೆಯೇ ಉಳಿದವರು ವರಾಂಡದಲ್ಲಿ ರೈನ್‌ಕೋಟು ಕೊಡವುತ್ತ, ಕಾಲಿನಿಂದ ಜಿಗಣೆ ಕೀಳುತ್ತ ನಿಂತರು. ಮತ್ತೆ ಹತ್ತಿ ಇಳಿದ ಹುಡುಗ ಯಾರೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಎಲ್ಲರ ಅಂಗೈಯೂ ತುಕ್ಕು, ನೀರು ಸೇರಿ ಒಂದೇ ಬಣ್ಣವಾಗಿತ್ತು.

ಅಣ್ಣ ಒಲೆಯ ಮೇಲೆ ಪಾತ್ರೆ ಇಟ್ಟು, ‘ಕಾಫಿ ಎಷ್ಟು ಸಾರ್?’ ಎಂದು ಒಳಗಿನಿಂದ ಕೂಗಿದರು.

‘ಎಂಟು’ ಎಂದೆ.

‘ಒಂಬತ್ತು’ ಎಂದರು ಅವರು, ಜೀಪಿನ ಬಳಿ ಕತ್ತಲಲ್ಲಿ ನಿಂತವನ ಕಡೆ ಕಿಟಕಿಯಿಂದ ಕೈಬೀಸಿ ಕರೆಯುತ್ತ. ‘ಬಾ ಮಾರಾಯ, ಒಳಗೆ ಬಾ. ನೀನೇ ಮೊದಲು ಕುಡೀಬೇಕು.’